ಕಾಯಿದೆಯಲ್ಲಿಲ್ಲದ ಪದ: ಮುಂಬಯಿ ಶಾಸನಸಭೆಯ ಮೊದಲ ಚುನಾಯಿತ ಸದಸ್ಯರು

1892ರ ಭಾರತೀಯ ಶಾಸನಸಭೆಗಳ ಕಾಯಿದೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಅದರಲ್ಲಿ ‘ಚುನಾವಣೆ’ ಎಂಬ ಪದ ದೊರೆಯುವುದಿಲ್ಲ. ಆದರೂ ಭಾರತದ ಶಾಸನಸಭೆಗಳಿಗೆ ಚುನಾಯಿತ ಸದಸ್ಯರು ಬಂದದ್ದು ಇದೇ ಕಾಯಿದೆಯಿಂದ ಎಂದು ಚರಿತ್ರೆಯ ಪುಸ್ತಕಗಳೆಲ್ಲ ಹೇಳುತ್ತವೆ. ಎರಡೂ ನಿಜ. ಕಾಯಿದೆ ಬರೆದವರು ಬೇಕೆಂದೇ ದೂರವಿರಿಸಿದ ಪದವೊಂದನ್ನು ಆ ಕಾಯಿದೆಯಡಿಯಲ್ಲಿ ಆಯ್ಕೆಯಾದವರು ಮೊದಲ ದಿನದಿಂದಲೇ ತಮ್ಮದೆಂದು ಬಳಸತೊಡಗಿದರು. ಮುಂಬಯಿ ಪ್ರಾಂತದ ಶಾಸನಸಭೆಯಲ್ಲಿ ಆ ಶತಮಾನದ ಕೊನೆಯ ಎಂಟು ವರ್ಷಗಳಲ್ಲಿ ನಡೆದದ್ದನ್ನು ಅರಿಯಲು ಈ ಪದದ ಜಾಡನ್ನೇ ಹಿಡಿದು ಹೋಗುವುದು ಒಳ್ಳೆಯದು.

ಪದದ ಬಗೆಗಿನ ಈ ಭಯಕ್ಕೆ ಹಳೆಯ ಕಾರಣವಿತ್ತು. ಕಂಪನಿಯ ಆಳ್ವಿಕೆಯ ಕೊನೆಗಾಲದಲ್ಲಿ, 1854ರಲ್ಲಿ, ಕಲ್ಕತ್ತೆಯಲ್ಲಿ ಹನ್ನೆರಡು ಜನರ ಒಂದು ಶಾಸನಸಭೆ ಕಾರ್ಯಾರಂಭ ಮಾಡಿತು. ಸದಸ್ಯರೆಲ್ಲರೂ ಅಧಿಕಾರಿಗಳು ಮತ್ತು ನ್ಯಾಯಾಧೀಶರು, ಭಾರತೀಯನೊಬ್ಬನೂ ಇರಲಿಲ್ಲ. ಹಾಗಿದ್ದೂ ಆ ಸಭೆ ಬಾಗಿಲು ತೆರೆದು ಮಾತನಾಡಿತು, ನಡವಳಿಗಳನ್ನು ಅಚ್ಚು ಹಾಕಿಸಿತು, ಸರ್ಕಾರದ ಕಡತಗಳನ್ನು ಕೇಳಿತು. ಶ್ರೀರಂಗಪಟ್ಟಣದ ಪತನದ ನಂತರ ವೆಲ್ಲೂರಿಗೂ ಅಲ್ಲಿಂದ ಕಲ್ಕತ್ತೆಗೂ ಸಾಗಿಸಲ್ಪಟ್ಟ ಟಿಪ್ಪು ಸುಲ್ತಾನನ ವಂಶಸ್ಥರಿಗೆ ಕೊಡಬೇಕಾದ ಹಣದ ವಿಷಯದಲ್ಲಿ ಲಂಡನ್ನಿನೊಡನೆ ನಡೆದ ಪತ್ರವ್ಯವಹಾರವನ್ನು ತನ್ನ ಮುಂದಿಡಬೇಕೆಂದು ಅದು ಕೇಳಿದ್ದು ಆಳುವವರನ್ನು ಕೆರಳಿಸಿದ ಸಂಗತಿಗಳಲ್ಲಿ ಒಂದು. ಮೈಸೂರಿನ ಹೆಸರು ಭಾರತದ ಶಾಸನಸಭೆಗಳ ಚರಿತ್ರೆಯೊಳಗೆ ಹೀಗೆ ಅನಿರೀಕ್ಷಿತವಾದ ಬಾಗಿಲಿನಿಂದ ಪ್ರವೇಶಿಸುತ್ತದೆ. ಭಾರತ ಮಂತ್ರಿ ಚಾರ್ಲ್ಸ್ ವುಡ್‌ಗೆ ಇದೊಂದು ಪುಟ್ಟ ಪಾರ್ಲಿಮೆಂಟಾಗಿ ಬೆಳೆಯುತ್ತಿರುವಂತೆ ಕಂಡಿತು. ಆದ್ದರಿಂದ 1861ರ ಕಾಯಿದೆ ಒಂದು ಕೈಯಿಂದ ಭಾರತೀಯರಿಗೆ ಸಭೆಯ ಬಾಗಿಲು ತೆರೆದು, ಇನ್ನೊಂದು ಕೈಯಿಂದ ಸಭೆಯ ಬಾಯಿಗೆ ಬೀಗ ಹಾಕಿತು. ಮುಂದಿಟ್ಟ ಮಸೂದೆಯ ವಿನಾ ಬೇರೆ ಯಾವ ವಿಷಯವನ್ನೂ ಸದಸ್ಯರು ಎತ್ತುವಂತಿರಲಿಲ್ಲ. ಪ್ರಶ್ನೆ ಕೇಳುವಂತಿರಲಿಲ್ಲ. ಆಯವ್ಯಯ ಅವರ ಮುಂದೆ ಬರುವ ಕಟ್ಟುಪಾಡೂ ಇರಲಿಲ್ಲ.

ಈ ಕಾಯಿದೆಯಂತೆ ಮುಂಬಯಿಯ ಗವರ್ನರನು ಕಾನೂನು ಮಾಡುವ ಸಂದರ್ಭಕ್ಕಾಗಿ ನಾಲ್ಕರಿಂದ ಎಂಟು ಮಂದಿ ಹೆಚ್ಚುವರಿ ಸದಸ್ಯರನ್ನು ನಾಮಕರಣ ಮಾಡಬಹುದಿತ್ತು. ಅವರಲ್ಲಿ ಅರ್ಧದಷ್ಟಾದರೂ ಸರ್ಕಾರಿ ಸೇವೆಯಲ್ಲಿ ಇಲ್ಲದವರಾಗಿರಬೇಕಿತ್ತು. 1862ರಲ್ಲಿ ಹೀಗೆ ಬಂದವರಲ್ಲಿ ಮುಂಬಯಿಯ ಹಿರಿಯ ವರ್ತಕ ಜಗನ್ನಾಥ ಶಂಕರಶೇಟ್ ಒಬ್ಬರು. ಅಹಮದಾಬಾದಿನ ನಗರಶೇಠ ಪ್ರೇಮಾಭಾಯಿ ಹೇಮಾಭಾಯಿ ಅವರೂ ಈ ಸಭೆಯ ಸದಸ್ಯರಾಗಿದ್ದರು. ಮೊಗಲರ ಕಾಲದ ಪ್ರಸಿದ್ಧ ಜೈನ ರತ್ನವರ್ತಕ ಶಾಂತಿದಾಸ ಝವೇರಿಯ ವಂಶದವರಿವರು. ಇಂಥವರ ನಾಮಕರಣವನ್ನು ಕೇವಲ ಸರ್ಕಾರದ ಕೃಪೆಯೆಂದು ತಳ್ಳಿಹಾಕುವುದು ರೂಢಿ. ಅದು ಅವಸರದ ತೀರ್ಮಾನ. ನಗರಶೇಠನ ಸ್ಥಾನ ಆ ಊರಿನಲ್ಲಿ ಒಂದು ಬಗೆಯ ಪ್ರಾತಿನಿಧ್ಯವೇ ಆಗಿತ್ತು. ಇದೇ ವಂಶದ ಖುಶಾಲಚಂದರು 1725ರ ಸುಮಾರಿಗೆ ಮರಾಠಾ ಸೇನೆ ನಗರವನ್ನು ಸುಲಿಯಲು ಬಂದು ನಿಂತಾಗ ತಮ್ಮ ಹಣ ತೆತ್ತು ಊರನ್ನು ಉಳಿಸಿದರೆಂಬುದೂ, ಅದಕ್ಕೆ ಪ್ರತಿಯಾಗಿ ವರ್ತಕ ಮಹಾಜನರು ಸರಕಿನ ಮೇಲೆ ಒಂದು ಸಣ್ಣ ತೆರಿಗೆಯನ್ನು ಆ ಮನೆತನಕ್ಕೆ ಬಿಟ್ಟುಕೊಟ್ಟರೆಂಬುದೂ ಪ್ರಸಿದ್ಧ. ಮಹಾಜನ, ಪಂಚ, ಶ್ರೇಷ್ಠಿ ಎಂಬ ಪದಗಳ ಹಿಂದೆ ಊರಿನ ಪರವಾಗಿ ಮಾತನಾಡುವ ಹಕ್ಕಿನ ದೀರ್ಘ ಪರಂಪರೆಯಿದೆ. ಮತಪೆಟ್ಟಿಗೆ ಅದಕ್ಕೆ ತಿಳಿಯದು, ಅಷ್ಟೆ. ಆದರೆ ಗವರ್ನರನ ಸಭೆಗೆ ಬಂದು ಕುಳಿತಾಗ ಆ ಹಕ್ಕಿನ ಮೂಲ ಬದಲಾಗಿಬಿಡುತ್ತಿತ್ತು. ಊರಿನಲ್ಲಿ ಮಹಾಜನರಿಗೆ ಉತ್ತರ ಹೇಳಬೇಕಾದವನು ಸಭೆಯಲ್ಲಿ ತನ್ನನ್ನು ಕರೆದವನಿಗೆ ಮಾತ್ರ ಋಣಿಯಾಗಿರುತ್ತಿದ್ದ.

ಎಪ್ಪತ್ತು ಎಂಬತ್ತರ ದಶಕಗಳಲ್ಲಿ ವರ್ತಕರ ಜೊತೆಗೆ ವಿದ್ವಾಂಸರೂ ವಕೀಲರೂ ಬಂದರು. ಧರ್ಮಶಾಸ್ತ್ರ ಗ್ರಂಥಗಳ ಸಂಪಾದಕರಾದ ವಿಶ್ವನಾಥ ನಾರಾಯಣ ಮಂಡಲಿಕ್, ಭಗವದ್ಗೀತೆಯನ್ನು ‘ಪೌರ್ವಾತ್ಯ ಪವಿತ್ರ ಗ್ರಂಥಮಾಲೆ’ಗಾಗಿ ಇಂಗ್ಲಿಷಿಗೆ ತಂದ ಕಾಶೀನಾಥ ತ್ರ್ಯಂಬಕ ತೆಲಂಗ್, ಬದ್ರುದ್ದೀನ್ ತ್ಯಾಬ್ಜಿ, ದಾದಾಭಾಯಿ ನವರೋಜಿ, ಮಹಾದೇವ ಗೋವಿಂದ ರಾನಡೆ, ಫಿರೋಜಶಹಾ ಮೆಹತಾ ಇವರೆಲ್ಲರೂ ಮೊದಲು ನಾಮಕರಣಗೊಂಡ ಸದಸ್ಯರೇ. ಸಾಮರ್ಥ್ಯದಲ್ಲಿ ಮುಂದಿನ ಚುನಾಯಿತರು ಇವರನ್ನು ಮೀರಿಸಿದರೆನ್ನಲು ಆಧಾರವಿಲ್ಲ. ಮೆಹತಾ ಅವರಂತೂ ಎರಡೂ ಸಾಲಿಗೆ ಸೇರಿದವರು. ಆದ್ದರಿಂದ ಚುನಾವಣೆ ತಂದ ವ್ಯತ್ಯಾಸವನ್ನು ವ್ಯಕ್ತಿಗಳ ಗುಣದಲ್ಲಿ ಹುಡುಕುವುದು ವ್ಯರ್ಥ.

ಕಾಂಗ್ರೆಸ್ಸು 1885ರಲ್ಲಿ ಮುಂಬಯಿಯಲ್ಲಿ ಸೇರಿದ ತನ್ನ ಮೊದಲ ಅಧಿವೇಶನದಲ್ಲೇ ಶಾಸನಸಭೆಗಳಿಗೆ ಗಣನೀಯ ಸಂಖ್ಯೆಯ ಚುನಾಯಿತ ಸದಸ್ಯರು ಬೇಕೆಂದು ನಿರ್ಣಯಿಸಿತ್ತು. 1888ರಲ್ಲಿ ವೈಸರಾಯ್ ಡಫರಿನ್ ಈ ವಿಷಯವನ್ನು ಪರಿಶೀಲಿಸಲು ಚೆಸ್ನಿ, ಏಚಿಸನ್, ವೆಸ್ಟ್‌ಲ್ಯಾಂಡ್ ಎಂಬ ಮೂವರ ಸಮಿತಿಯನ್ನು ನೇಮಿಸಿದ. (ವೆಸ್ಟ್‌ಲ್ಯಾಂಡನ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.) ಮುಂಬಯಿಯ 1889ರ ಅಧಿವೇಶನಕ್ಕೆ ಬಂದುಹೋದ ಬ್ರಿಟಿಷ್ ಸಂಸದ ಚಾರ್ಲ್ಸ್ ಬ್ರಾಡ್ಲಾ ಪಾರ್ಲಿಮೆಂಟಿನಲ್ಲಿ ಒಂದು ಮಸೂದೆಯನ್ನೂ ಮಂಡಿಸಿದ, 1891ರ ಜನವರಿಯಲ್ಲಿ ಅವನು ತೀರಿಕೊಂಡ. ಕೊನೆಗೆ ಲಾರ್ಡ್ ಕ್ರಾಸ್ ತಂದ ಸರ್ಕಾರಿ ಮಸೂದೆ 1892ರಲ್ಲಿ ಅಂಗೀಕಾರವಾಯಿತು. ಅದರಲ್ಲಿ ಸದಸ್ಯರು ‘ನಾಮಕರಣ’ಗೊಳ್ಳುತ್ತಾರೆ. ಯಾವ ಷರತ್ತುಗಳಿಗೆ ಒಳಪಟ್ಟು ನಾಮಕರಣ ನಡೆಯಬೇಕೆಂಬ ನಿಯಮಗಳನ್ನು ಮಾತ್ರ ಭಾರತ ಸರ್ಕಾರ ರಚಿಸಿಕೊಳ್ಳಬಹುದೆಂಬ ಒಂದು ವಾಕ್ಯವಿದೆ. ‘ಕಿಂಬರ್ಲಿ ವಾಕ್ಯ’ವೆಂದು ಹೆಸರಾದ ಈ ಸಾಲಿನ ಮಡಿಲಲ್ಲಿಯೇ ಚುನಾವಣೆ ಅಡಗಿ ಬಂದದ್ದು. ಕಾಮನ್ಸ್ ಸಭೆಯಲ್ಲಿ ಗ್ಲ್ಯಾಡ್‌ಸ್ಟನ್ ಈ ವಾಕ್ಯದೊಳಗೆ ಚುನಾವಣೆಯ ತತ್ತ್ವಕ್ಕೆ ಎಡೆಯಿದೆಯೆಂದೇ ತಾನು ತಿಳಿದಿರುವುದಾಗಿ ಹೇಳಿ ಅದನ್ನು ಹೊರಗೆಳೆದು ತೋರಿಸಿದ. ಅದೇ ವರ್ಷದ ಕೊನೆಯಲ್ಲಿ ಅಲಹಾಬಾದಿನಲ್ಲಿ ಸೇರಿದ ಕಾಂಗ್ರೆಸ್ಸು ಕಾಯಿದೆಯನ್ನು ಒಪ್ಪಿಕೊಂಡಿತಾದರೂ, ಆರಿಸುವ ಹಕ್ಕನ್ನು ಅದು ಬಾಯಿಬಿಟ್ಟು ಹೇಳಲಿಲ್ಲವೆಂದು ವಿಷಾದಿಸಿತು.

ನಿಯಮಗಳು ಹೇಳಿದ್ದಿಷ್ಟು. ಮುಂಬಯಿಯಲ್ಲಿ ಹೆಚ್ಚುವರಿ ಸದಸ್ಯರ ಮೇಲ್ಮಿತಿ 20. ಅವುಗಳಲ್ಲಿ ಅರ್ಧಕ್ಕೂ ಕಡಿಮೆ ಸ್ಥಾನಗಳಿಗೆ ಮುಂಬಯಿ ನಗರ ಕಾರ್ಪೊರೇಷನ್ನು, ವಿಶ್ವವಿದ್ಯಾಲಯದ ಸೆನೆಟ್ಟು, ವರ್ತಕ ಸಂಘ, ದಖ್ಖನಿನ ಸರದಾರರು, ಪ್ರಾಂತದ ವಿಭಾಗಗಳ ಪುರಸಭೆಗಳು ಮತ್ತು ಜಿಲ್ಲಾ ಲೋಕಲ್ ಬೋರ್ಡುಗಳು ಮುಂತಾದ ಸಂಸ್ಥೆಗಳು ಹೆಸರುಗಳನ್ನು ‘ಶಿಫಾರಸು’ ಮಾಡುತ್ತವೆ. ಗವರ್ನರನು ಅವರನ್ನು ನಾಮಕರಣ ಮಾಡುತ್ತಾನೆ. ಸರ್ಕಾರದ ಬಹುಮತಕ್ಕೆ ಎಲ್ಲಿಯೂ ಧಕ್ಕೆಯಿಲ್ಲ. ಮತದಾರರೆಂದರೆ ಬೋರ್ಡಿನ, ಪುರಸಭೆಯ ಸದಸ್ಯರು ಮಾತ್ರ, ಅಂದರೆ ರಿಪನ್ನನ 1882ರ ನಿರ್ಣಯದ ಫಲವಾಗಿ ಸ್ಥಳೀಯ ಸಂಸ್ಥೆಗಳಿಗೆ ಬಂದು ಸೇರಿದ ಕೆಲವೇ ಮಂದಿ. ಜಮೀನು ಉಳುವವನಿಗೆ ಇದರಲ್ಲಿ ನೇರವಾದ ಪಾಲಿಲ್ಲ. ಸ್ತ್ರೀಯರ ಮಾತಂತೂ ಎತ್ತುವಂತೆಯೇ ಇರಲಿಲ್ಲ.

ಕನ್ನಡ ನಾಡಿನ ಮಟ್ಟಿಗೆ ಹೇಳುವುದಾದರೆ ಬೆಳಗಾವಿ, ಧಾರವಾಡ, ವಿಜಾಪುರ ಮತ್ತು 1862ರಲ್ಲಿ ಮದರಾಸಿನಿಂದ ಮುಂಬಯಿಗೆ ವರ್ಗಾವಣೆಗೊಂಡ ಉತ್ತರ ಕನ್ನಡ ಜಿಲ್ಲೆಗಳು ಕೊಂಕಣದ ಭಾಗಗಳೊಡನೆ ಸೇರಿ ಪ್ರಾಂತದ ದಕ್ಷಿಣ ವಿಭಾಗವಾಗಿದ್ದವು. ಭಾಷೆ ಬೇರೆ, ಬೆಳೆ ಬೇರೆ, ಕಂದಾಯದ ಸಂಕಟಗಳು ಬೇರೆ ಆದ ಈ ಪ್ರದೇಶಗಳನ್ನು ಶಿಫಾರಸಿನ ಒಂದೇ ಹಗ್ಗದಲ್ಲಿ ಕಟ್ಟಲಾಗಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಗಿ ಕನ್ನಡ ಗ್ರಂಥಗಳ ಪೋಷಣೆಯ ಕೆಲಸಕ್ಕೆ ತೊಡಗಿದ್ದ ದಿನಗಳವು. ಆದರೆ ಮುಂಬಯಿಯಲ್ಲೋ, ಮಳೆಗಾಲದಲ್ಲಿ ಪುಣೆಯಲ್ಲೋ ಸೇರುತ್ತಿದ್ದ ಸಭೆಯ ಮಾತು ಇಂಗ್ಲಿಷಿನದು. ವಿಜಾಪುರದ ರೈತನ ಅಹವಾಲು ಸಭೆಯನ್ನು ಮುಟ್ಟಬೇಕಾದರೆ ಮೊದಲು ಇಂಗ್ಲಿಷ್ ಬಲ್ಲ ವಕೀಲನೊಬ್ಬನ ನಾಲಗೆಯನ್ನು ಹಾಯಬೇಕಿತ್ತು. ಸರ್ಕಾರದ ಉತ್ತರ ರೈತನನ್ನು ಮುಟ್ಟಬೇಕಾದರೆ ಪತ್ರಿಕೆಯೊಂದರ ದೇಶಭಾಷೆಯನ್ನು.

ಸದಸ್ಯರಿಗೆ ಹೊಸದಾಗಿ ದೊರೆತ ಅಧಿಕಾರಗಳು ಎರಡು. ಮುಂಚಿತವಾಗಿ ಸೂಚನೆ ಕೊಟ್ಟು ಪ್ರಶ್ನೆ ಕೇಳಬಹುದಿತ್ತು; ಉತ್ತರದ ಮೇಲೆ ಮರುಪ್ರಶ್ನೆ ಕೂಡದು. ಆಯವ್ಯಯದ ಮೇಲೆ ಮಾತನಾಡಬಹುದಿತ್ತು. ಮತಕ್ಕೆ ಹಾಕುವಂತಿಲ್ಲ, ಒಂದು ಬಾಬನ್ನೂ ಕಡಿಮೆ ಮಾಡುವಂತಿಲ್ಲ. ಪ್ರಶ್ನೆ ಕೇವಲ ಮಾಹಿತಿಯ ಕೋರಿಕೆಯಾಗಿರಬೇಕು, ವಾದದ ರೂಪದಲ್ಲಿರಬಾರದು. ಅಧ್ಯಕ್ಷನಿಗೆ, ಅಂದರೆ ಗವರ್ನರನಿಗೆ, ಬೇಡವೆನಿಸಿದರೆ ಅದನ್ನು ತಳ್ಳಿಹಾಕಬಹುದು. ಇಷ್ಟು ಕಡಿವಾಣಗಳ ನಡುವೆ ಚುನಾಯಿತನೊಬ್ಬ ಮಾಡಬಹುದಾದದ್ದಾದರೂ ಏನು? ಉತ್ತರವನ್ನು ಸಭೆಯ ಮತಗಣನೆಯಲ್ಲಿ ಹುಡುಕಿದರೆ ಏನೂ ಇಲ್ಲ. ನಡವಳಿಗಳ ಅಚ್ಚಿನ ಪುಟಗಳಲ್ಲಿದೆ. ಕೇಳಿದ ಪ್ರಶ್ನೆ ಸರ್ಕಾರದ ಉತ್ತರದೊಡನೆ ದಾಖಲೆಯಾಗುತ್ತಿತ್ತು, ಪತ್ರಿಕೆಗಳಲ್ಲಿ ಬರುತ್ತಿತ್ತು, ಪುಣೆಯ ವಾಡೆಗಳಲ್ಲಿಯೂ ಧಾರವಾಡದ ವಕೀಲರ ಕೋಣೆಗಳಲ್ಲಿಯೂ ಓದಲ್ಪಡುತ್ತಿತ್ತು. ನಾಮಕರಣಗೊಂಡವನ ಭಾಷಣಕ್ಕೆ ಸಭೆಯೇ ಶ್ರೋತೃ. ಚುನಾಯಿತನ ಭಾಷಣಕ್ಕೆ ಸಭೆ ನೆಪ, ಶ್ರೋತೃಗಳು ಹೊರಗೆ. ಪದ ತಂದ ವ್ಯತ್ಯಾಸ ಇದು.

ಆಳುವವರು ಇದನ್ನು ಬೇಗನೆ ಗುರುತಿಸಿದರು. 1893ರಲ್ಲಿ ಕಾರ್ಪೊರೇಷನ್ನಿನ ಶಿಫಾರಸಿನಿಂದ ಮುಂಬಯಿ ಸಭೆಗೆ ಬಂದ ಫಿರೋಜಶಹಾ ಮೆಹತಾ ಅವರನ್ನು ಇಲ್ಲಿನ ಅಧಿಕಾರೇತರ ಸದಸ್ಯರು ವೈಸರಾಯನ ಶಾಸನಸಭೆಗೆ ಕಳುಹಿಸಿದ್ದರು. 1895ರಲ್ಲಿ ಅಲ್ಲಿ 1861ರ ಪೋಲೀಸು ಕಾಯಿದೆಯ ತಿದ್ದುಪಡಿ ಚರ್ಚೆಗೆ ಬಂತು. ಗಲಭೆಯಾದ ಪ್ರದೇಶದಲ್ಲಿ ದಂಡನೆಯ ಪೋಲೀಸರನ್ನು ನೆಲೆಗೊಳಿಸಿ, ಅದರ ಖರ್ಚನ್ನು ಯಾರು ಹೊರಬೇಕೆಂಬುದನ್ನು ನ್ಯಾಯಾಲಯದ ವಿಚಾರಣೆಯಿಲ್ಲದೆ ಮ್ಯಾಜಿಸ್ಟ್ರೇಟನೇ ನಿರ್ಧರಿಸುವ ಅಧಿಕಾರ ಅದರಲ್ಲಿತ್ತು. ಮೆಹತಾ ಆಡಳಿತಾಧಿಕಾರಿಗಳ ವಿವೇಚನೆಯ ಮೇಲೆ ಇಂಥ ನಂಬಿಕೆಯಿಡಲಾಗದೆಂದು ಬಿಚ್ಚಿ ಮಾತನಾಡಿದರು. ಹಣಕಾಸಿನ ಸದಸ್ಯನಾಗಿದ್ದ ಜೇಮ್ಸ್ ವೆಸ್ಟ್‌ಲ್ಯಾಂಡ್ ಎದ್ದು, ಸಭೆಯೊಳಗೆ ಹೊಸದೊಂದು ಮನೋಭಾವ ಕಾಲಿಟ್ಟಿದೆಯೆಂದು ಆಕ್ಷೇಪಿಸಿದ. ಸುಧಾರಣೆಯ ಸಮಿತಿಯಲ್ಲಿ ಏಳು ವರ್ಷಗಳ ಹಿಂದೆ ಕುಳಿತಿದ್ದವನೇ ಈತ. ಸುಧಾರಣೆಯ ನಕಾಶೆ ಬರೆದವನಿಗೆ ಅದರಲ್ಲಿ ಮನುಷ್ಯರು ಓಡಾಡತೊಡಗಿದಾಗ ಗಾಬರಿಯಾದುದು ಸಹಜವೇ ಇರಬೇಕು. ಬೈಗುಳದಂತೆ ಬಂದ ಆ ಮಾತನ್ನು ದೇಶೀಯ ಪತ್ರಿಕೆಗಳು ಬಿರುದಿನಂತೆ ಎತ್ತಿಕೊಂಡವು.

ಅದೇ 1895ರಲ್ಲಿ ಮಧ್ಯ ವಿಭಾಗದ ಲೋಕಲ್ ಬೋರ್ಡುಗಳ ಮತದಿಂದ ಬಾಲಗಂಗಾಧರ ತಿಲಕರು ಮುಂಬಯಿ ಶಾಸನಸಭೆಯನ್ನು ಪ್ರವೇಶಿಸಿದರು. 1897ರಲ್ಲಿ ಮತ್ತೆ ಆಯ್ಕೆಯಾದರು. ತಿಲಕರ ಜೀವನಚರಿತ್ರೆಗಳು ಈ ಎರಡು ವರ್ಷಗಳ ಸದಸ್ಯತ್ವವನ್ನು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ಅದು ಸಭೆಯ ಅಲ್ಪತ್ವಕ್ಕೆ ಸಲ್ಲಬೇಕಾದ ತೀರ್ಪೇ ಆದರೂ, ಆ ಅವಧಿಯಲ್ಲಿ ಸಭೆಯ ಒಳಗಿನ ಮಾತಿಗೂ ಹೊರಗಿನ ಮಾತಿಗೂ ಸರ್ಕಾರ ಇಟ್ಟ ಎರಡು ಅಳತೆಗಳು ಅವರ ಒಬ್ಬರ ಬದುಕಿನಲ್ಲೇ ಒಟ್ಟಿಗೆ ಕಾಣಿಸಿಕೊಂಡವು.

1896ರಲ್ಲಿ ಮಳೆ ಕೈಕೊಟ್ಟಿತು. ದಖ್ಖನಿನ ಜಿಲ್ಲೆಗಳಲ್ಲಿಯೂ ವಿಜಾಪುರದಲ್ಲಿಯೂ ಕ್ಷಾಮ ತಲೆದೋರಿತು. ಕ್ಷಾಮ ಬಂದಾಗ ಸರ್ಕಾರ ಏನು ಮಾಡಬೇಕೆಂಬುದನ್ನು ಹೇಳುವ ಕ್ಷಾಮ ಸಂಹಿತೆ ಎಂಬ ಗ್ರಂಥ ಸರ್ಕಾರದ್ದೇ ಆಗಿತ್ತು. ತಿಲಕರೂ ಸಾರ್ವಜನಿಕ ಸಭೆಯ ಕಾರ್ಯಕರ್ತರೂ ಮಾಡಿದ್ದು ಆ ಗ್ರಂಥದಲ್ಲಿರುವುದನ್ನು ಮರಾಠಿಯಲ್ಲಿ ರೈತರಿಗೆ ತಿಳಿಸಿಕೊಟ್ಟದ್ದು. ಬೆಳೆ ಹೋದಲ್ಲಿ ಕಂದಾಯದ ರಿಯಾಯಿತಿ ಕೇಳುವುದು ಭಿಕ್ಷೆಯಲ್ಲ, ನಿಯಮವೇ ಒಪ್ಪಿರುವ ಸಂಗತಿ ಎಂದು ‘ಕೇಸರಿ’ ಬರೆಯಿತು. ಇಂಗ್ಲಿಷಿನಲ್ಲಿ, ಸಭಾಂಗಣದಲ್ಲಿ, ಮಾನ್ಯ ಸದಸ್ಯನೊಬ್ಬ ಇದೇ ಮಾತನ್ನು ಹೇಳಿದ್ದರೆ ಅದು ಆಯವ್ಯಯದ ಮೇಲಿನ ಟೀಕೆಯಾಗುತ್ತಿತ್ತು. ಮರಾಠಿಯಲ್ಲಿ, ಹಳ್ಳಿಯಲ್ಲಿ ಹೇಳಿದಾಗ ಚಳವಳಿಯಾಯಿತು. 1897ರಲ್ಲಿ ಲಾರ್ಡ್ ಸ್ಯಾಂಡ್‌ಹರ್ಸ್ಟನ ಸರ್ಕಾರ ಸಾರ್ವಜನಿಕ ಸಭೆಗೆ ತನ್ನೊಡನೆ ವ್ಯವಹರಿಸಲು ಇದ್ದ ಮಾನ್ಯತೆಯನ್ನು ತೆಗೆದುಹಾಕಿತು.

ಪ್ಲೇಗು ಅಷ್ಟರಲ್ಲಿ ಮುಂಬಯಿಯಿಂದ ಪುಣೆಗೆ ಬಂದಿತ್ತು. ಮನೆ ಮನೆ ಶೋಧನೆಗೆ ಸೈನಿಕರನ್ನು ಬಳಸಿದ ಕ್ರಮ ಜನರನ್ನು ರೋಗಕ್ಕಿಂತ ಹೆಚ್ಚು ನೋಯಿಸಿತು. ಜೂನ್ 22ರ ರಾತ್ರಿ ಪ್ಲೇಗು ಅಧಿಕಾರಿ ರ‍್ಯಾಂಡ್ ಮತ್ತು ಲೆಫ್ಟಿನೆಂಟ್ ಐಯರ್ಸ್ಟ್ ಅವರ ಮೇಲೆ ಗುಂಡು ಹಾರಿತು. ಜುಲೈ 27ರಂದು ತಿಲಕರ ಬಂಧನವಾಯಿತು. ಆಪಾದನೆ ಕೊಲೆಯದಲ್ಲ, ಜೂನ್ 15ರ ‘ಕೇಸರಿ’ಯಲ್ಲಿ ಶಿವಾಜಿ ಉತ್ಸವದ ಸಂದರ್ಭಕ್ಕೆ ಪ್ರಕಟವಾದ ಬರಹಗಳು ರಾಜದ್ರೋಹವೆಂಬುದು. ಶಾಸನ ರಚಿಸುವ ಸಭೆಗೆ ಆಗತಾನೆ ಮರು ಆಯ್ಕೆಯಾಗಿದ್ದವನು ಶಾಸನವೊಂದರ ಕಟಕಟೆಯಲ್ಲಿ ನಿಂತ.

ಈ ವಿಚಾರಣೆ ಸಾಹಿತ್ಯದ ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕಾದದ್ದು. ಮರಾಠಿಯ ಪದ್ಯವೂ ಭಾಷಣದ ವರದಿಯೂ ಇಂಗ್ಲಿಷ್ ಅನುವಾದದ ಮೂಲಕ ನ್ಯಾಯಾಲಯದ ಮುಂದೆ ಬಂದವು. ಅಫಜಲಖಾನನ ವಧೆಯ ನೈತಿಕತೆಯನ್ನು ಚರ್ಚಿಸುವ ಮಾತು ಚರಿತ್ರೆಯೋ ಪ್ರಚೋದನೆಯೋ ಎಂಬುದು ಪ್ರಶ್ನೆ. ಕಾನೂನಿನ 124ಎ ಪರಿಚ್ಛೇದದಲ್ಲಿದ್ದ ಒಂದು ಪದದ ಅರ್ಥವೇ ಮೊಕದ್ದಮೆಯ ತಿರುಳಾಯಿತು. ಇಂಗ್ಲಿಷಿನಲ್ಲಿ ‘ಡಿಸ್‌ಅಫೆಕ್ಷನ್’ ಎಂಬ ಪದಕ್ಕೆ ನ್ಯಾಯಮೂರ್ತಿ ಸ್ಟ್ರೇಚಿ ಸರ್ಕಾರದ ಬಗ್ಗೆ ಪ್ರೀತಿಯ ಅಭಾವ ಎಂಬಷ್ಟು ವಿಶಾಲವಾದ ವ್ಯಾಖ್ಯೆ ಕೊಟ್ಟ. ಹಗೆಯಿರುವುದನ್ನು ಸಾಬೀತು ಮಾಡಬೇಕಿಲ್ಲ, ಪ್ರೀತಿಯಿಲ್ಲದಿರುವುದೇ ಸಾಕು. ಪದವೊಂದನ್ನು ಕಾಯಿದೆಯಿಂದ ಹೊರಗಿಟ್ಟ ಎಚ್ಚರವೂ ಇನ್ನೊಂದನ್ನು ಕಾಯಿದೆಯೊಳಗೆ ಹಿಗ್ಗಿಸಿದ ಔದಾರ್ಯವೂ ಒಂದೇ ಆಡಳಿತದವು. ಒಂಬತ್ತು ಜ್ಯೂರಿಗಳಲ್ಲಿ ಆರು ಮಂದಿ ಯುರೋಪಿಯನ್ನರು ಅಪರಾಧಿಯೆಂದರು, ಮೂವರು ಭಾರತೀಯರು ಅಲ್ಲವೆಂದರು. ಸೆಪ್ಟೆಂಬರ್ 14ರಂದು ಹದಿನೆಂಟು ತಿಂಗಳ ಕಠಿಣ ಸಜೆ. ವಿಚಾರಣೆಗೆ ಮುನ್ನ ಅವರಿಗೆ ಜಾಮೀನು ಕೊಟ್ಟ ನ್ಯಾಯಮೂರ್ತಿ ಬದ್ರುದ್ದೀನ್ ತ್ಯಾಬ್ಜಿಯವರು ಹಿಂದೊಮ್ಮೆ ಇದೇ ಶಾಸನಸಭೆಯ ನಾಮಕರಣಗೊಂಡ ಸದಸ್ಯರಾಗಿದ್ದರು. ‘ಒರಾಯನ್’ ಗ್ರಂಥದ ಲೇಖಕನಿಗಾಗಿ ದಯೆ ಕೋರಿದವರಲ್ಲಿ ಮ್ಯಾಕ್ಸ್ ಮುಲ್ಲರನೂ ಇದ್ದ. 1898ರ ಸೆಪ್ಟೆಂಬರಿನಲ್ಲಿ, ಅವಧಿಗೆ ಮುನ್ನ, ಬಿಡುಗಡೆಯಾಯಿತು. ತಿಲಕರು ಶಾಸನಸಭೆಗೆ ಮತ್ತೆಂದೂ ಹಿಂದಿರುಗಲಿಲ್ಲ. ಅದೇ ವರ್ಷ 124ಎ ಪರಿಚ್ಛೇದವನ್ನು ತಿದ್ದಿ ಇನ್ನಷ್ಟು ಬಿಗಿಗೊಳಿಸಲಾಯಿತು. ಆ ತಿದ್ದುಪಡಿಯನ್ನು ಅಂಗೀಕರಿಸಿದ್ದು ಮೆಹತಾರ ‘ಹೊಸ ಮನೋಭಾವ’ವನ್ನು ಕಂಡು ಬೆಚ್ಚಿದ್ದ ಕಲ್ಕತ್ತೆಯ ಆ ಸಭೆಯೇ.

1899ರ ಕೊನೆಗೆ ಗೋಪಾಲಕೃಷ್ಣ ಗೋಖಲೆ ಮುಂಬಯಿ ಸಭೆಗೆ ಆಯ್ಕೆಯಾದರು. ಮತ್ತೊಂದು ಕ್ಷಾಮ ಆಗ ನಾಡನ್ನು ಹಿಡಿದಿತ್ತು. ತಿಲಕರಿಗೆ ಸಭೆ ಅನೇಕ ವೇದಿಕೆಗಳಲ್ಲಿ ಒಂದಾಗಿದ್ದರೆ ಗೋಖಲೆಯವರಿಗೆ ಅದು ವೃತ್ತಿಯೇ ಆಯಿತು. ಅಂಕಿಸಂಖ್ಯೆಗಳನ್ನು ಸರ್ಕಾರದ ವರದಿಗಳಿಂದಲೇ ಆಯ್ದು ಸರ್ಕಾರದ ಮುಂದಿಡುವ, ಧ್ವನಿಯೇರಿಸದ ಆ ಶೈಲಿಯನ್ನು ಅವರು ರಾನಡೆಯವರಿಂದ ಕಲಿತಿದ್ದರು. ಸೌಮ್ಯವಾದಿಗಳ ಈ ಕ್ರಮವನ್ನು ಅರ್ಜಿದಾರರ ನಯವೆಂದು ಹಳಿಯುವುದು ನಂತರದ ತಲೆಮಾರಿಗೆ ಸುಲಭವಾಯಿತು. ಮತವಿಲ್ಲದ ಸಭೆಯಲ್ಲಿ ಖಂಡಿಸಲಾಗದ ಅಂಕಿಯೊಂದನ್ನು ದಾಖಲೆಗೆ ಸೇರಿಸುವುದು ಎಷ್ಟು ಶ್ರಮದ ಕೆಲಸವೆಂಬುದು ಆ ನಡವಳಿಗಳನ್ನು ಓದಿದವರಿಗೆ ತಿಳಿದೀತು.

ಶತಮಾನ ಮುಗಿದ ಮರುವರ್ಷ, 1901ರಲ್ಲಿ, ಸರ್ಕಾರ ಮುಂಬಯಿ ಭೂಕಂದಾಯ ಸಂಹಿತೆಗೆ ತಿದ್ದುಪಡಿ ತಂದಿತು. ಕಂದಾಯದ ಬಾಕಿಗಾಗಿ ಮುಟ್ಟುಗೋಲಾದ ಜಮೀನನ್ನು ರೈತನಿಗೆ ಮರಳಿ ಕೊಡುವಾಗ ಮಾರುವ, ಅಡವಿಡುವ ಹಕ್ಕನ್ನು ತಡೆಹಿಡಿಯಬಹುದೆಂಬುದು ಅದರ ಸಾರ. ಸಾಹುಕಾರನ ಕೈಗೆ ಭೂಮಿ ಹೋಗದಂತೆ ರೈತನನ್ನು ರಕ್ಷಿಸುವುದು ಉದ್ದೇಶವೆಂದು ಸರ್ಕಾರ ಹೇಳಿತು. ರೈತನನ್ನು ಸರ್ಕಾರದ ಗೇಣಿದಾರನನ್ನಾಗಿ ಮಾಡುವುದೇ ಪರಿಣಾಮವೆಂದು ಚುನಾಯಿತರು ಹೇಳಿದರು. ಎರಡೂ ವಾದಗಳಲ್ಲಿ ಹುರುಳಿತ್ತು. ಕೇಳಬೇಕಾದ ರೈತನನ್ನು ಮಾತ್ರ ಯಾರೂ ಕೇಳುವ ಏರ್ಪಾಡಿರಲಿಲ್ಲ. ಮಸೂದೆಯ ಬಗ್ಗೆ ಅಭಿಪ್ರಾಯ ಸಂಗ್ರಹಿಸುವವರೆಗೆ ಕಾಯಬೇಕೆಂಬ ಕೋರಿಕೆ ಸರ್ಕಾರದ ಬಹುಮತದ ಮುಂದೆ ಬಿದ್ದುಹೋಯಿತು. ಆಗಸ್ಟ್ ತಿಂಗಳಲ್ಲಿ ಪುಣೆಯ ಸಭಾಂಗಣದಲ್ಲಿ ಫಿರೋಜಶಹಾ ಮೆಹತಾ ಎದ್ದು, ಮುಂದಿನ ಕಲಾಪದಲ್ಲಿ ತಾವು ಭಾಗಿಯಾಗುವುದಿಲ್ಲವೆಂದು ತಿಳಿಸಿ ಹೊರನಡೆದರು. ಭಾಲಚಂದ್ರ ಕೃಷ್ಣ, ಗೋಖಲೆ ಮತ್ತಿತರ ಸಂಗಡಿಗರು ಅವರ ಹಿಂದೆ ಹೋದರು. ಉಳಿದವರು ಕಲಾಪವನ್ನು ಮುಂದುವರಿಸಿ ಮಸೂದೆಯನ್ನು ಅಂಗೀಕರಿಸಿದರು.